ಹಾಲಿನ ಮಾತ್ರೆ

ಭೀಮನಬೀಡಿನಲ್ಲಿ ಬಾಣಂತಿಯ ಎದೆಹಾಲು ಅವಳ ಸ್ವಂತದ್ದಲ್ಲ, ಇಡೀ ಬೀದಿಯದು. ಬದನೆಕಾಯಿ ತಿಂದರೆ ನಂಜು ಹಾಲಿಗಿಳಿಯುತ್ತದೆ, ಸೀಬೆಹಣ್ಣು ತಿಂದರೆ ಶೀತ ಹಾಲಿಗಿಳಿಯುತ್ತದೆ, ಫ್ಯಾನಿನ ಕೆಳಗೆ ಕೂತರೆ ಗಾಳಿಯೂ ಇಳಿಯುತ್ತದೆ. ಮಗು ನೋಡಲು ಬಂದವರೆಲ್ಲ ರೂಪಶ್ರೀಗೆ ಇಷ್ಟನ್ನೂ ಬೋಧಿಸಿ, ತಾವು ಮಾತ್ರ ಫ್ಯಾನಿನ ಕೆಳಗೆ ಕೂತು ಕಾಫಿ ಕುಡಿದು ಹೋದರು. ಮಗು ಅತ್ತಾಗಲೆಲ್ಲ ಅವಳು ಗೋಡೆ ಕಡೆ ಯಾಕೆ ತಿರುಗುತ್ತಾಳೆ ಎಂದು ಯಾರೂ ಕೇಳಲಿಲ್ಲ. ಹೆತ್ತ ಮಗುವನ್ನು ಎತ್ತಿಕೊಳ್ಳಲು ಅವಳಿಗೆ ಮನಸ್ಸೇ ಬರುತ್ತಿರಲಿಲ್ಲ. ಯಾವುದೂ ಬೇಡವಾಗಿತ್ತು.

ಕೇಳಿದವರು, ಗಂಡ ಮಲ್ಲೇಶ್ ಮಗುವಿನ ಲಸಿಕೆಗೆಂದು ಕರೆದೊಯ್ದಾಗ ಸಿಕ್ಕ ಚಾಮರಾಜನಗರದ ಡಾಕ್ಟರಮ್ಮ. ಬಾಣಂತನದಲ್ಲಿ ಮನಸ್ಸಿಗೂ ಕಾಯಿಲೆ ಬರುತ್ತದೆ ಎಂದು ಹೇಳಿ ದಿನಕ್ಕೊಂದು ಮಾತ್ರೆ ಬರೆದರು. "ಈ ಮಾತ್ರೆ ಹಾಲಿಗೆ ಹೋಗೋದು ತೀರಾ ಕಮ್ಮಿ. ಹಾಲು ಕುಡಿಸೋದೂ ನಿಲ್ಲಿಸಬೇಡ, ನನ್ನ ಕೇಳದೆ ಮಾತ್ರೆನೂ ನಿಲ್ಲಿಸಬೇಡ," ಎಂದರು.

ಮನೆಗೆ ಬಂದ ಕೂಡಲೇ ಅತ್ತೆ ಚಿಕ್ಕನಿಂಗಮ್ಮ ಮಗನನ್ನು ಹಿಡಿದಳು. "ಯಾತರ ಮಾತ್ರೆಲಾ ಅದು?"

ಮಲ್ಲೇಶ್ ಬಂಡೀಪುರದ ರಸ್ತೆಯಲ್ಲಿ ಆನೆ ಅಡ್ಡ ಬಂದರೂ ಬೈಕ್ ತಿರುಗಿಸುವುದಿಲ್ಲ ಎಂದು ಕೊಚ್ಚಿಕೊಳ್ಳುವ ಶೂರ. ಅವ್ವನ ಮುಖ ನೋಡಿ ತೊದಲಿದ. "ಆಲಿಗೆ ಕಣವ್ವ. ಆಲು ಎಚ್ಚೋ ಮಾತ್ರೆ."

ಅವತ್ತಿನಿಂದ ಮಾತ್ರೆಯ ಉಸ್ತುವಾರಿ ಚಿಕ್ಕನಿಂಗಮ್ಮನದೇ. ಊಟವಾದ ಕೂಡಲೇ ನೀರಿನ ಲೋಟ ಹಿಡಿದು ಬಂದು ನಿಲ್ಲುತ್ತಿದ್ದಳು. "ನುಂಗಮ್ಮಿ, ಮೊಗಿಗೆ ಆಲು ಬ್ಯಾಡ್ವಾ?" ವಾರಗಳು ಕಳೆದಂತೆ ರೂಪಶ್ರೀ ಗೋಡೆ ಬಿಟ್ಟು ಈ ಕಡೆ ತಿರುಗಿದಳು. ಮಗುವಿನ ಕಾಲ್ಬೆರಳು ಹಿಡಿದು ಮಾತಾಡಿಸತೊಡಗಿದಳು. ಮಗುವಿನ ಕೆನ್ನೆಯೂ ಉಬ್ಬಿತು. ಚಿಕ್ಕನಿಂಗಮ್ಮ ನಲ್ಲಿಯ ಹತ್ತಿರ ಮೊಮ್ಮಗನನ್ನು ಎತ್ತಿ ತೋರಿಸಿ, ಎಲ್ಲ ಆ ಮಾತ್ರೆಯ ಮಹಿಮೆ ಎಂದು ಬೀದಿಗೆಲ್ಲ ಸಾರಿದಳು.

ಸಾರಿದ್ದಕ್ಕೆ ಫಲ ಬೇಗ ಬಂತು. ಒಂದು ಬೆಳಿಗ್ಗೆ ರೂಪಶ್ರೀ ನೋಡಿದರೆ, ಅತ್ತೆ ಮಾತ್ರೆಯ ಶೀಟನ್ನು ಕತ್ತರಿಯಲ್ಲಿ ಅರ್ಧ ಮಾಡುತ್ತಿದ್ದಾಳೆ.

"ಪಕ್ಕದ್ಮನೆ ಸಾಕಮ್ಮನ ಸೊಸೆ ಕುಮಾರಿಗೆ ಕಣಮ್ಮಿ. ಆಲೇ ಇಲ್ವಂತೆ. ಮೊಗನ ಮುಟ್ಟೋದೂ ಇಲ್ವಂತೆ, ಗ್ವಾಡೆ ಕಡೆ ತಿರಿಕಂಡು ಮನಗಿರ್ತಾಳಂತೆ."

ಆ ಗೋಡೆ ರೂಪಶ್ರೀಗೆ ಚೆನ್ನಾಗಿ ಗೊತ್ತಿತ್ತು. ನಿಜ ಹೇಳಿದರೆ ತನ್ನ ಮಾತ್ರೆ ತಿಪ್ಪೆ ಸೇರುತ್ತದೆ, ಹುಚ್ಚಿ ಎಂಬ ಹೆಸರು ಬರುತ್ತದೆ, ಮಗುವನ್ನೂ ಎದೆಯಿಂದ ಬಿಡಿಸುತ್ತಾರೆ. ಹೇಳದಿದ್ದರೆ ಕುಮಾರಿ ಡಾಕ್ಟರ ಮುಖವನ್ನೇ ನೋಡದೆ ಯಾರದೋ ಮಾತ್ರೆ ನುಂಗುತ್ತಾಳೆ. ರೂಪಶ್ರೀ ಎದ್ದು ಅತ್ತೆಯ ಹತ್ತಿರ ಬಂದಳು.

"ಕೊಡಬ್ಯಾಡಿ ಅತ್ತೆ. ಅದು ಹಾಲಿನ ಮಾತ್ರೆ ಅಲ್ಲ. ಮನಸಿನ ಕಾಯ್ಲೆದು."

ಕತ್ತರಿ ನಿಂತಿತು. "ಉಚ್ಚಿನ ಮಾತ್ರೆಯಾ? ಅದ್ನ ನುಂಗಿ ಮೊಗಿಗೆ ಆಲು ಕುಡ್ಸುದ್ಯಾ? ಆಲಿಗಿಳಿಯಲ್ವಾ?"

"ಒಸಿ ಇಳೀತದಂತೆ. ಮೊಗಿಗೆ ಏನಾಗ್ಯದೆ ನೋಡಿ. ನೀವೇ ಬೀದಿಗೆಲ್ಲ ತೋರ್ಸಿದ್ರಲ್ಲ. ಬ್ಯಾಡ ಅಂತ ಕಿತ್ಕೊಂಡ್ರೆ, ನಾನು ಮತ್ತೆ ಗೋಡೆ ಕಡೆ ತಿರುಗ್ಬುಡ್ತೀನಿ ಅತ್ತೆ." ಅಷ್ಟು ಹೇಳಿ ಅತ್ತುಬಿಟ್ಟಳು.

ಚಿಕ್ಕನಿಂಗಮ್ಮ ಮೊಮ್ಮಗನನ್ನು ತಿರುಗಿಸಿ ಮುರುಗಿಸಿ ನೋಡಿದಳು. ಆ ಕೆನ್ನೆ ಮಾತ್ರೆಯ ವಿರುದ್ಧ ಸಾಕ್ಷಿ ಹೇಳಲು ಸಿದ್ಧವಿರಲಿಲ್ಲ. ಮೇಲಾಗಿ ನಲ್ಲಿಯ ಹತ್ತಿರ ಆಡಿದ ಮಾತನ್ನು ಈಗ ವಾಪಸ್ ತೆಗೆದುಕೊಂಡರೆ ಮುಖ ಎಲ್ಲಿಡುವುದು? ಅಷ್ಟರಲ್ಲಿ ಸಾಕಮ್ಮನೇ ಬಾಗಿಲಿಗೆ ಬಂದು ಕೈ ಚಾಚಿದಳು.

"ಅಂಗೆಲ್ಲ ಕೊಡಕಾಗಲ್ಲ ಕಣ ಸಾಕಮ್ಮ," ಎಂದಳು ಚಿಕ್ಕನಿಂಗಮ್ಮ. "ಡಾಕ್ಟ್ರಮ್ಮ ಆಳು ನೋಡೇ ಕೊಡ್ಬೇಕು, ಇಲ್ದಿದ್ರೆ ನಾಟಲ್ಲ. ನಿನ್ ಸೊಸೆಯ ಒರಡ್ಸು. ನಾನೇ ಚಾಮರಾಜನಗರಕ್ಕೆ ಕರ್ಕೊಂಡೋಯ್ತೀನಿ."

"ಆಲಿನ ಮಾತ್ರೆಗೆ ಅಷ್ಟು ದೂರನಾ ಅಕ್ಕ?"

"ಊಂ, ಆಲಿನ ಮಾತ್ರೆಗೇ."

ಸುಳ್ಳು ಹೇಳುವುದರಲ್ಲಿ ಗಂಡ ಯಾರನ್ನು ಹೋತಿದ್ದಾನೆ ಎಂದು ರೂಪಶ್ರೀಗೆ ಅವತ್ತು ತಿಳಿಯಿತು.

ಸೀರೆ ಬದಲಿಸಿ ಹೊರಟ ಚಿಕ್ಕನಿಂಗಮ್ಮ, ಕತ್ತರಿಸಿದ್ದ ಶೀಟಿನ ಎರಡೂ ತುಂಡುಗಳನ್ನು ಸೊಸೆಯ ದಿಂಬಿನ ಹತ್ತಿರ ಇಟ್ಟಳು. ಲೋಟದಲ್ಲಿ ನೀರನ್ನೂ ಇಟ್ಟಳು.

"ನಾ ಬರೋದು ತಡ ಆದ್ರೆ ಮರೀಬ್ಯಾಡ, ನುಂಗು. ಮಲ್ಲೇಶನ ಹೆತ್ತಾಗ ನಾನೂ ಗ್ವಾಡೆ ನೋಡ್ಕೊಂಡೇ ಮನಗಿದ್ದೆ ಕಣಮ್ಮಿ. ದೆವ್ವ ಮೆಟ್ಕೊಂಡದೆ ಅಂತ ಬೇವಿನ ಸೊಪ್ಪಲ್ಲಿ ಹೊಡೆದ್ರು." ಬಾಗಿಲಲ್ಲಿ ನಿಂತು ಚಪ್ಪಲಿ ಮೆಟ್ಟಿದಳು. "ಆಗ ನಂಗಿದ್ದ ಎದರಿಕೆಯೆಲ್ಲ ಆಲಿಗಿಳೀತು ಅಂತ ಕಾಣ್ತದೆ. ನೋಡು, ನಿನ್ ಗಂಡ ಇವತ್ಗೂ ನಿಜ ಏಳಾಕೆ ಎದರ್ತಾನೆ."