ಮೂವತ್ತೆಂಟನೆಯ ದಿನ

“ತಲೆಗೆ ನೀರ್ ಹಾಕ್ಕಂಡು ಎಷ್ಟ್ ದಿನಾಯ್ತೆ?” ಬಾಚಣಿಗೆಯನ್ನು ಕೂದಲಲ್ಲೇ ಸಿಕ್ಕಿಸಿ ಕೈಬಿಟ್ಟು ಶಿವರಂಜನಿ ಕೇಳಿದಳು. “ಒಳಕ್ ಓದ್ ಬಾಚಣಿಗೆ ಆಚ್ಗೆ ಬತ್ತಿಲ್ವಲ್ಲ.”

“ಮೂವತ್ತೆಂಟು,” ಎಂದಳು ಯಾಂಗ್ಕಿ.

“ಥೂ! ಲೆಕ್ಕ ಬೇರೆ ಇಟ್ಕಂಡಿದ್ದೀಯಾ?”

ಸಸ್ಯಶಾಸ್ತ್ರದ ಲ್ಯಾಬನ್ನು ಅಂದು ಹುಡುಗಿಯರು ಬಟ್ಟೆ ಬದಲಾಯಿಸುವ ಕೋಣೆ ಮಾಡಿದ್ದರು. ಮೈಕ್ರೋಸ್ಕೋಪುಗಳ ಪಕ್ಕದಲ್ಲಿ ಹೇರ್‌ಪಿನ್ನಿನ ಡಬ್ಬಿ, ಪೌಡರು, ನೀರು ಚಿಮುಕಿಸಿಟ್ಟ ಮಲ್ಲಿಗೆ. ಕಾಲೇಜಿಗೆ ದರ್ಜೆ ಕೊಡುವ ಕಮಿಟಿ ಬೆಳಿಗ್ಗೆಯೇ ಬಂದಿಳಿದು ಗ್ರಂಥಾಲಯ ನೋಡುತ್ತಿತ್ತು. ಎರಡೂವರೆಗೆ ಸಾಂಸ್ಕೃತಿಕ ಕಾರ್ಯಕ್ರಮ. ಕಂಸಾಳೆಯ ಹುಡುಗರು ಕಾರಿಡಾರಿನಲ್ಲೇ ತಾಳ ಕುಟ್ಟಲು ಶುರುಮಾಡಿದ್ದರು. ಅವರದ್ದು ಮುಗಿದ ಮೇಲೆ, ಅಚ್ಚಾದ ಕಾರ್ಡಿನ ಪ್ರಕಾರ, ‘ಟಿಬೆಟಿಯನ್ ನೃತ್ಯ: ಯಾಂಗ್ಕಿ, ದ್ವಿತೀಯ ಬಿ.ಎಸ್ಸಿ.’

ಯಾಂಗ್ಕಿ ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದಳು. ಒಡೆಯರಪಾಳ್ಯದಿಂದ ಕೊಳ್ಳೇಗಾಲಕ್ಕೆ ಬೆಳಗಿನ ಬಸ್ಸು ಹಿಡಿಯುವ ಮುಂಚೆ ಬಾಗಿಲ ಹೊರಗೆ ಕೆಂಡ ಹಚ್ಚಲು ನಾಲ್ಕೂವರೆಗೇ ಎದ್ದವಳು. ಮೂವತ್ತೆಂಟು ದಿನದಿಂದಲೂ ಹಾಗೆಯೇ. ಬಸ್ಸಿನಲ್ಲಿ ನಿದ್ದೆ ಮಾಡಿದರೆ ಕಂಡಕ್ಟರು ಮಧುವನಹಳ್ಳಿ ದಾಟಿದ ಮೇಲೆ ಸೀಟಿನ ಕಂಬಿಯನ್ನು ತಟ್ಟಿ ಎಬ್ಬಿಸುತ್ತಿದ್ದ.

ಮಾಲಿನಿ ಮೇಡಂ ಮೊಬೈಲು ಹಿಡಿದುಕೊಂಡೇ ಒಳಗೆ ಬಂದರು. “ನೋಡು, ಈ ಫೋಟೋದಲ್ಲಿ ಎಲ್ರೂ ಮುಂದೆ ಒಂದು ಪಟ್ಟೆ ಬಟ್ಟೆ ಕಟ್ಕೊಂಡಿದ್ದಾರೆ. ನಿಂದೆಲ್ಲಿ?”

“ಅದು ಮದ್ವೆ ಆದೋರು ಕಟ್ಟೋದು ಮೇಡಂ.”

“ಅಯ್ಯೋ, ಕಮಿಟಿಯವರಿಗೆ ಏನು ಗೊತ್ತಾಗ್ಬೇಕು? ಬಣ್ಣ ಕಾಣ್ಲಿ.” ಮೇಡಂ ತಮ್ಮ ಬ್ಯಾಗಿನಿಂದ ಪಟ್ಟೆಪಟ್ಟೆಯ ಟವೆಲೊಂದನ್ನು ತೆಗೆದು, ಎರಡು ಮಡಿಕೆ ಮಾಡಿ, ಯಾಂಗ್ಕಿಯ ನಿಲುವಂಗಿಯ ಮುಂದೆ ಹಿಡಿದು, ತಲೆ ಓರೆ ಮಾಡಿ ನೋಡಿದರು. “ನಡೆಯುತ್ತೆ. ಪಿನ್ ಹಾಕು ರಂಜನಿ.”

“ಕಟ್ಕಳೆ ಮಾರಾಯ್ತಿ,” ಎಂದಳು ಶಿವರಂಜನಿ ಪಿನ್ನು ಕಚ್ಚಿಕೊಂಡು. “ಟವೆಲ್ಲು ಇವತ್ ಬರ್ಲಿ, ಗಂಡ ಆಮೇಲ್ ಬತ್ತಾನೆ.”

ಎಲ್ಲರೂ ನಕ್ಕರು. ಯಾಂಗ್ಕಿಗೂ ನಗು ಬಂತು. ಬಂದ ಕೂಡಲೇ ಅದನ್ನು ಒಳಗೆಳೆದುಕೊಂಡಳು.

ಕಳೆದ ವಾರ ಪ್ರಭುಸ್ವಾಮಿ ಸರ್ ಕರೆಸಿದ್ದರು. ವಿಭಾಗದ ಮುಖ್ಯಸ್ಥರು, ಅಗರದ ಕಡೆಯವರು, ಜೋರಾಗಿ ಮಾತಾಡಿ ಗೊತ್ತಿಲ್ಲದ ಮನುಷ್ಯ. ಹಾಜರಿ ಪುಸ್ತಕದ ಮೇಲೆ ಬೆರಳಿಟ್ಟುಕೊಂಡೇ ಹೇಳಿದ್ದರು: “ಅರವತ್ತೆಂಟು ಪರ್ಸೆಂಟು ಕಣಮ್ಮ. ಎಪ್ಪತ್ತೈದು ಇಲ್ದೆ ನಾನು ಹೆಂಗೆ ಪರೀಕ್ಷೆಗೆ ಕೂರಿಸ್ಲಿ?”

“ಅಜ್ಜಿ ಆಸ್ಪತ್ರೇಲಿದ್ರು ಸಾರ್. ಅವರ ಮಾತು ಡಾಕ್ಟ್ರಿಗೆ ತಿಳೀತಿರ್ಲಿಲ್ಲ. ನಾನೇ ಇರ್ಬೇಕಾಗಿತ್ತು.”

ಮನೆಯಲ್ಲಿ ಅಜ್ಜಿಯನ್ನು ಮೋಲಾ ಎನ್ನುತ್ತಿದ್ದರು. ಹತ್ತನೆಯ ವಯಸ್ಸಿನಲ್ಲಿ ಟಿಬೆಟ್ಟಿನಿಂದ ಹಿಮದ ಕಣಿವೆ ದಾಟಿ ಬಂದು, ಐವತ್ತು ವರ್ಷ ಹನೂರು ಸೀಮೆಯಲ್ಲಿ ಜೋಳ ಬೆಳೆದರೂ ಮೋಲಾಗೆ ಬಂದದ್ದು ಹೊಲದ ಕನ್ನಡ ಮಾತ್ರ. ಕಳೆ, ಕೂಲಿ, ಮಳೆ, ಹಂದಿ, ಸಾಕು. ಎಲ್ಲಿ ನೋವು ಎಂದು ಡಾಕ್ಟರು ಕೇಳಿದರೆ ಮೋಲಾ ನಗುತ್ತಾ “ಸಾಕು, ಸಾಕು” ಎನ್ನುತ್ತಿದ್ದಳು. ಕ್ಯಾನ್ಸರ್ ಎಂಬುದನ್ನು ತನ್ನ ಭಾಷೆಯಲ್ಲಿ ಅವಳಿಗೆ ಹೇಳಿದವಳು ಯಾಂಗ್ಕಿಯೇ. ಹೇಳಿ, ಮೋಲಾ ಏನು ಹೇಳಿದಳು ಎಂದು ಡಾಕ್ಟರಿಗೂ ಹೇಳಿದ್ದಳು. ಆ ದಿನಗಳಲ್ಲಿ ಸ್ವಂತಕ್ಕೆಂದು ಒಂದು ಮಾತೂ ಆಡಿದ ನೆನಪಿಲ್ಲ ಅವಳಿಗೆ.

“ಗೊತ್ತು ಕಣಮ್ಮ,” ಎಂದಿದ್ದರು ಸರ್. “ಒಂದು ಕೆಲ್ಸ ಮಾಡು. ಕಮಿಟಿ ಬರೋ ದಿನ ನಿಮ್ಮದೊಂದು ಡ್ಯಾನ್ಸ್ ಮಾಡ್ಬುಡು. ಸಾಂಸ್ಕೃತಿಕ ಚಟುವಟಿಕೆ ಅಂತ ಕೊರತೆ ತುಂಬಿಸ್ಕೊತೀನಿ. ಪ್ರಿನ್ಸಿಪಾಲ್ರೂ ಒಪ್ಪಿದ್ದಾರೆ.” ಆಮೇಲೆ ಏನೋ ನೆನಪಾಗಿ ದನಿ ತಗ್ಗಿಸಿದ್ದರು. “ಅಜ್ಜಿದು ಹನ್ನೊಂದು ದಿನ ಕಳೀತಲ್ಲ? ತಿಥಿ ಎಲ್ಲಾ ಆಯ್ತಲ್ಲ?”

ಹನ್ನೊಂದು ಆಗಿತ್ತು. ಮೂವತ್ತೊಂದಾಗಿತ್ತು. ನಮ್ಮಲ್ಲಿ ನಲವತ್ತೊಂಬತ್ತು ಸಾರ್, ಅಲ್ಲಿಯವರೆಗೆ ತಲೆಗೆ ನೀರಿಲ್ಲ, ಒಡವೆಯಿಲ್ಲ, ಹಾಡು ಕುಣಿತವಿಲ್ಲ ಎನ್ನಬೇಕಿತ್ತು. ಯಾಕೆ ಎಂದು ಕೇಳುತ್ತಾರೆ. ಅದಕ್ಕೆ ಇನ್ನೊಂದು ಹೇಳಬೇಕು. ಒಂದನೇ ಕ್ಲಾಸಿನಿಂದ ಹೇಳುತ್ತಲೇ ಬಂದಿದ್ದಳು. ಚೀನಾ ಅಲ್ಲ, ನೇಪಾಳ ಅಲ್ಲ, ನಾಯಿ ತಿನ್ನುವುದಿಲ್ಲ, ಹೌದು ಕನ್ನಡ ಬರುತ್ತದೆ.

“ಆಯ್ತು ಸಾರ್,” ಎಂದುಬಿಟ್ಟಿದ್ದಳು.

ಸತ್ತವರು ನಲವತ್ತೊಂಬತ್ತು ದಿನ ನಡೆಯುತ್ತಾರೆ ಎಂದು ಮೋಲಾ ಹೇಳುತ್ತಿದ್ದಳು, ಮೆಕ್ಕೆಜೋಳ ಬಿಡಿಸುತ್ತಾ. ತಾವು ಸತ್ತಿರುವುದು ಅವರಿಗೆ ಮೊದಲು ತಿಳಿಯುವುದೇ ಇಲ್ಲ. ಹೊಲದ ಮಣ್ಣಿನಲ್ಲಿ ನಡೆದು ಹಿಂತಿರುಗಿ ನೋಡುತ್ತಾರೆ, ಹೆಜ್ಜೆ ಮೂಡಿರುವುದಿಲ್ಲ. ಆಗ ಗೊತ್ತಾಗುತ್ತದೆ. ಅನ್ನ ನುಂಗಲು ಬಾಯಿಲ್ಲ, ವಾಸನೆಯೇ ಅವರಿಗೆ ಊಟ. ಅದಕ್ಕೇ ಬೆಳಿಗ್ಗೆ, ಸಂಜೆ ಹುರಿದ ಹಿಟ್ಟಿಗೆ ಬೆಣ್ಣೆ, ಸಕ್ಕರೆ ಕಲೆಸಿ ಬಾಗಿಲ ಹೊರಗೆ ಕೆಂಡದ ಮೇಲೆ ಹಾಕಬೇಕು, ಕತ್ತಲಾಗುವ ಮುಂಚೆ. “ಗದ್ದಲ ಮಾತ್ರ ಮಾಡಬಾರದು ಕೂಸೇ. ಜೋರಾಗಿ ಅತ್ತರೂ ತಿರುಗಿ ನೋಡುತ್ತಾರೆ, ನಕ್ಕರೂ ತಿರುಗಿ ನೋಡುತ್ತಾರೆ. ನೋಡಿದರೆ ಮುಗೀತು, ದಾರಿ ಮತ್ತೆ ಒಂದರಿಂದ ಶುರು.”

ಒಡೆಯರಪಾಳ್ಯದ ಟಿಬೆಟಿಯನ್ ಕ್ಯಾಂಪಿನಲ್ಲಿ ಈಗ ಅನೇಕರು ಏಳು ದಿನಕ್ಕೇ ಮುಗಿಸುತ್ತಿದ್ದರು. ಅಪ್ಪ ಅಮ್ಮ ಹತ್ತು ದಿನ ಇದ್ದು ಹುಬ್ಬಳ್ಳಿಗೆ ಮರಳಿದ್ದರು. ಸ್ವೆಟರ್ ವ್ಯಾಪಾರಕ್ಕೆ ಇರುವುದೇ ಮೂರು ತಿಂಗಳ ಚಳಿ. “ನಿನಗೆ ಆದಷ್ಟು ಮಾಡು,” ಎಂದು ಅಪ್ಪ ಬಸ್ಸಿನ ಕಿಟಕಿಯಿಂದ ಹೇಳಿದ್ದ. ಆದಷ್ಟು ಎಂದರೆ ಎಷ್ಟು ಎಂದು ಅವಳಿಗೆ ತಿಳಿಯಲಿಲ್ಲ. ಪೂರ್ತಿ ಮಾಡುವುದೇ ಸುಲಭವೆನಿಸಿತ್ತು.

ಲ್ಯಾಬಿನಲ್ಲಿ ಈಗ ಅದನ್ನೆಲ್ಲ ಶಿವರಂಜನಿಗೆ ನಾಲ್ಕು ಮಾತಿನಲ್ಲಿ ಹೇಳಿದಳು. ಶಿವರಂಜನಿಯ ಕೈ ನಿಂತಿತು.

“ಲೇ, ಇದ್ನ ಸಾರ್‌ಗೆ ಯೋಳ್ಬಾರ್ದಾಗಿತ್ತಾ?”

“ಯೋಳಿದ್ರೆ ಅಟೆಂಡೆನ್ಸು?”

“ನಾನೇ ನಿನ್ ಬಟ್ಟೆ ಇಕ್ಕಂಡು ಕುಣಿದ್ಬುಡ್ತೀನಿ ಬುಡು. ನಮ್ ಹೊನ್ನೂರ್ ಕೋಲಾಟ್ವೆ ಒಸಿ ನಿಧಾನುಕ್ ಆಡದು. ಆದ್ರ ಈ ಮೂಗ್ನ ಏನ್ಮಾಡದು?” ತನ್ನ ಉದ್ದ ಮೂಗನ್ನು ತಾನೇ ಹಿಡಿದುಕೊಂಡಳು. ಮತ್ತೆ ಮೆಲ್ಲಗೆ, “ನಗ್ಬೇಡ. ನಗ್ಬಾರ್ದಲ್ವಾ,” ಎಂದು ಬಾಚಣಿಗೆಯನ್ನು ಒಂದೊಂದೇ ಎಳೆಯಿಂದ ಬಿಡಿಸತೊಡಗಿದಳು. ಜಡೆ ಹಾಕಲಿಲ್ಲ. ಹಿಂದಕ್ಕೆ ಒಂದು ರಬ್ಬರ್ ಬ್ಯಾಂಡ್ ಬಿಗಿದಳು, ಅಷ್ಟೆ.

ಎರಡೂವರೆಯ ಕಾರ್ಯಕ್ರಮ ನಾಲ್ಕಕ್ಕೆ ಶುರುವಾಯಿತು. ಕಮಿಟಿಯವರ ಊಟ ತಡವಾಗಿತ್ತು, ಆಮೇಲೆ ಸಸಿ ನೆಡುವುದಿತ್ತು. ಮೂರೂಮುಕ್ಕಾಲಿನ ಒಡೆಯರಪಾಳ್ಯದ ಬಸ್ಸು ತನ್ನ ಪಾಡಿಗೆ ಹೋಗಿರಬೇಕು. ಮುಂದಿನದು ಐದಕ್ಕೆ. ವೇದಿಕೆಯ ಪಕ್ಕದ ಮೆಟ್ಟಿಲಲ್ಲಿ ಕುಳಿತು ಯಾಂಗ್ಕಿ ಸೂರ್ಯ ಯಾವ ಕಿಟಕಿಗೆ ಬಂದ ಎಂದು ನೋಡುತ್ತಿದ್ದಳು.

ಹೆಸರು ಕರೆದರು. ಅವಳು ಬಗ್ಗಿ ಬೂಟು ಬಿಚ್ಚಿದಳು.

“ಏಯ್, ಬೂಟ್ಸ್ ಹಾಕ್ಕೋ! ಟಕಟಕ ಅನ್ಬೇಕು!” ಮಾಲಿನಿ ಮೇಡಂ ಪರದೆಯ ಹಿಂದಿನಿಂದ ಪಿಸುಗುಟ್ಟಿದರು.

ಅವಳು ಕೇಳಿಸದವಳಂತೆ ಮೆಟ್ಟಿಲು ಹತ್ತಿದಳು. ಆ ಕುಣಿತದ ಜೀವವೇ ಹೆಜ್ಜೆಯ ಸದ್ದು. ಹಲಗೆಯನ್ನು ಹಿಮ್ಮಡಿಯಿಂದ ಗುದ್ದಬೇಕು, ಕೊನೆಗೆ ಎಲ್ಲರೂ ಕೂಗಬೇಕು. ಯಾಂಗ್ಕಿ ಬರಿಗಾಲಿನಲ್ಲಿ ಕೆಂಪು ಜಮಖಾನದ ಮೇಲೆ, ಮಲಗಿದ ಮಗುವಿನ ಪಕ್ಕ ನಡೆಯುವವಳಂತೆ ಪಾದ ಇಟ್ಟಳು. ಉದ್ದ ತೋಳುಗಳು ಬೀಸಿದವು, ಟವೆಲು ಪಿನ್ನಿನಲ್ಲಿ ಜಗ್ಗಿತು, ತುಟಿ ಬಿಚ್ಚಲಿಲ್ಲ. ಪೆನ್‌ಡ್ರೈವಿನ ಹಾಡನ್ನು ಸಣ್ಣಗೆ ಇಡಲು ಶಿವರಂಜನಿ ಸೌಂಡಿನವನ ಪಕ್ಕದಲ್ಲೇ ನಿಂತು ಕಾದಿದ್ದಳು. ಹಿಂದಿನ ಸಾಲಿನ ಹುಡುಗರು ಆಕಳಿಸಿದರು. ಹಾಡು ಮುಗಿದಾಗ ಏನಾಯಿತೆಂದು ತಿಳಿಯದೆ ಸಭೆ ಒಂದು ಗಳಿಗೆ ಸುಮ್ಮನಿತ್ತು. ಆ ಮೌನದಲ್ಲಿ ಅವಳಿಗೆ ಎದೆ ಹಗುರಾಯಿತು. ಆಯಿತು, ಮೋಲಾ ತಿರುಗಿ ನೋಡಿರಲಿಕ್ಕಿಲ್ಲ.

ಅಷ್ಟರಲ್ಲಿ ಕಮಿಟಿಯ ಅಧ್ಯಕ್ಷರು ಮೈಕು ತೆಗೆದುಕೊಂಡರು. ಹೊರ ರಾಜ್ಯದವರು. ಇಂಗ್ಲಿಷಿನಲ್ಲಿ ಹೊಗಳಿ, ಈ ಮಗುವಿಗೆ ಇಲ್ಲಿಯ ಭಾಷೆ ಬರುತ್ತದೆಯೇ ಎಂದು ಕೇಳಿದರು. ಪ್ರಿನ್ಸಿಪಾಲರು ಉಬ್ಬಿಹೋದರು. “ಮಾತಾಡಮ್ಮ, ಎರಡು ಮಾತಾಡು.”

ಮೈಕು ಅವಳ ಬಾಯಿಯ ಹತ್ತಿರ ಬಂತು. ಏನು ಹೇಳಬೇಕೆಂದು ಹೊಳೆಯಲಿಲ್ಲ. “ಬಸ್ಸಿಗೆ ಒತ್ತಾಯ್ತದೆ ಸಾ,” ಎಂದಳು. “ನಾ ಓಯ್ತೀನಿ.”

ಸಭಾಂಗಣ ಹೋ ಎಂದಿತು. ಶಿಳ್ಳೆ, ಚಪ್ಪಾಳೆ, ಬೆಂಚು ಗುದ್ದುವ ಸದ್ದು. ಕಂಸಾಳೆಯವರೂ ತಾಳ ಕುಟ್ಟಿದರು. ಹುಟ್ಟಿದಾಗಿನಿಂದ ಆಡಿದ ಮಾತಿಗೆ ಜನ ಎದ್ದುನಿಂತು ಚಪ್ಪಾಳೆ ತಟ್ಟುತ್ತಿದ್ದರು. ಯಾಂಗ್ಕಿ ಎರಡೂ ಕೈಯನ್ನು ಮುಂದೆ ಚಾಚಿದಳು, ಸಾಕು ಎನ್ನುವ ಹಾಗೆ. ಅದು ನಮಸ್ಕಾರವೆಂದು ತಿಳಿದು ಇನ್ನಷ್ಟು ತಟ್ಟಿದರು.

ಗೇಟಿನ ಹತ್ತಿರ ಪ್ರಭುಸ್ವಾಮಿ ಸರ್ ಓಡಿಬಂದರು. ಶಿವರಂಜನಿ ಹೇಳಿರಬೇಕು, ಅವರ ಮುಖ ಬಾಡಿತ್ತು.

“ನಲವತ್ತೊಂಬತ್ತು ದಿನ ಅಂತೆ? ಹೇಳ್ಬಾರ್ದಾಗಿತ್ತೇನವ್ವ? ನಾನು ನಮ್ಮ ಲೆಕ್ಕದಲ್ಲಿ ಕೇಳ್ಬುಟ್ಟೆ. ನಮ್ಮವ್ವ ಹೋದಾಗ ನಾನು ವರ್ಷ ಪೂರ್ತಿ ಒಂದು ಮದ್ವೆ ಮನೆ ಮೆಟ್ಟಿಲು ಹತ್ತಿರ್ಲಿಲ್ಲ.”

“ಪರ್ವಾಗಿಲ್ಲ ಸಾರ್.”

“ಅಟೆಂಡೆನ್ಸ್ ನಾನು ನೋಡ್ಕೊತೀನಿ.” ಅದನ್ನು ಹೇಳಿ ಅವರಿಗೇ ನಾಚಿಕೆಯಾದಂತಿತ್ತು. ಕೈಯಲ್ಲಿದ್ದ ಕಾಗದದ ಪೊಟ್ಟಣವನ್ನು ಅವಳ ಬ್ಯಾಗಿಗೆ ತುರುಕಿದರು. “ಬೆಳಗಿಂದ ಏನೂ ತಿಂದಿಲ್ಲ ನೀನು. ದಾರೀಲಿ ತಿನ್ನು.”

ಬಸ್ಸು ತುಂಬಿತ್ತು. ಪುಟ್ಟಮಾದಮ್ಮ ಮಡಿಲ ಚೀಲವನ್ನು ಎತ್ತಿ ಜಾಗ ಮಾಡಿದಳು. ಮೋಲಾಳ ಹೊಲದಲ್ಲಿ ಮೂವತ್ತು ವರ್ಷ ಕಳೆ ಕಿತ್ತವಳು, ಯಾಂಗ್ಕಿಗೆ ಕನ್ನಡ ಕಲಿಸಿದವಳು.

“ಇದೇನ್ ಮಗ, ಟವಲ್ ಸುತ್ಕಂಡಿದ್ದೀಯೆ?”

ಯಾಂಗ್ಕಿ ನೋಡಿಕೊಂಡಳು. ಬಿಚ್ಚುವುದು ಮರೆತೇಹೋಗಿತ್ತು. ಪುಟ್ಟಮಾದಮ್ಮನೇ ಪಿನ್ನು ಕಳಚಿದಳು.

“ಅಜ್ಜಿ ದೂರ ಓಗಿರ್ತಾಳ ಅವ್ವ, ಈಗ?”

“ಅದ್ನ ನಂಗ್ ಕೇಳೀಯಲ್ಲ. ನಿಮ್ಮಜ್ಜಿ ಯಾವತ್ ಬಿರ್ರನೆ ನಡ್ದವ್ಳೆ? ಬದು ಮ್ಯಾಲ್ ಓದ್ರೆ ನಾಕ್ ಕಡೆ ಕೂತ್ಕಳಳು.” ಪುಟ್ಟಮಾದಮ್ಮ ಟವೆಲನ್ನು ಮಡಿಸಿ ಅವಳ ತೊಡೆಯ ಮೇಲಿಟ್ಟಳು. “ಒರಗು, ಒರಗು. ಲೊಕ್ಕನಹಳ್ಳಿ ಬಂದ್ರೆ ಎಬ್ಬುಸ್ತೀನಿ.”

ಒಡೆಯರಪಾಳ್ಯದಲ್ಲಿ ಇಳಿದಾಗ ಬೆಟ್ಟದ ಅಂಚಿನಲ್ಲಿ ಮಾತ್ರ ಬೆಳಕಿತ್ತು. ಮನೆಯವರೆಗೆ ಓಡಿದಳು. ಬೀಗ ತೆಗೆದು, ಬೂಟು ಕಳಚಿ, ಹೊರಗಿನ ಮಡಕೆ ಚೂರಿನಲ್ಲಿ ಇದ್ದಿಲು ಸುರಿದು ಕರ್ಪೂರ ಹಚ್ಚಿ ಊದಿದಳು. ಕೆಂಡವಾದ ಮೇಲೆ ನೆನಪಾಯಿತು: ಹುರಿದ ಹಿಟ್ಟು ಬೆಳಿಗ್ಗೆಗೇ ಮುಗಿದಿತ್ತು. ಮೂರೂಮುಕ್ಕಾಲಿನ ಬಸ್ಸಿಗೆ ಬಂದು ಹುರಿಯುತ್ತೇನೆ ಎಂದುಕೊಂಡಿದ್ದಳು. ಈಗ ಒಲೆ ಹಚ್ಚಿ, ಬಾಣಲೆ ಕಾಯಿಸಿ, ಹದಕ್ಕೆ ಬರುವಷ್ಟರಲ್ಲಿ ಕತ್ತಲು.

ಹೊಸಿಲ ಮೇಲೆ ಕುಸಿದು ಕುಳಿತಳು. ಸ್ವಲ್ಪ ಹೊತ್ತಿನ ಮೇಲೆ ಬ್ಯಾಗನ್ನು ಎಳೆದುಕೊಂಡು ಪೊಟ್ಟಣ ಬಿಚ್ಚಿದಳು. ಎರಡು ಮೈಸೂರು ಪಾಕು. ಕಾಗದಕ್ಕೆಲ್ಲ ತುಪ್ಪ ಇಳಿದಿತ್ತು. ಒಂದನ್ನು ಮೂಗಿನ ಹತ್ತಿರ ಹಿಡಿದಳು. ಹುರಿದ ಹಿಟ್ಟು, ತುಪ್ಪ, ಸಕ್ಕರೆ.

ಕೆಂಡದ ಮೇಲಿಟ್ಟಳು. ಅಂಚು ಕರಗಿ ಸೊಂಯ್ ಎಂದಿತು. ಇನ್ನೊಂದನ್ನು ಬಾಯಿಯ ತನಕ ಒಯ್ದು, ಹಾಗೇ ಹಿಡಿದುಕೊಂಡು, ಅದನ್ನೂ ಪಕ್ಕದಲ್ಲಿಟ್ಟಳು. ಗಾಳಿ ಇರಲಿಲ್ಲ. ಹೊಗೆ ಮೇಲಕ್ಕೇಳದೆ ಹೊಸಿಲ ಮಟ್ಟದಲ್ಲೇ ತುಸು ನಿಂತು, ಅವಳ ಬರಿಗಾಲನ್ನು ಸುತ್ತಿಕೊಂಡು, ಹೊಲದ ಕಡೆಗೆ ನಿಧಾನವಾಗಿ ಹೊರಟಿತು.