ಟೀವ್ಯಾಗ ಅಡ್ಡಾಡೋ ಹುಡುಗ

ಗೌಸಬಿಗೆ ಸೇರದ ಸಂಗತಿಗಳು ಜಗತ್ತಿನಲ್ಲಿ ಬಹಳ ಇದ್ದವು. ಆದರೆ ಕೆಲಸವಿಲ್ಲದೆ ಅಡ್ಡಾಡುವ ಮನುಷ್ಯನನ್ನು ಕಂಡರೆ ಅವಳಿಗಾಗುತ್ತಿದ್ದ ಸಂಕಟವೇ ಬೇರೆ. ಲಕ್ಷ್ಮೇಶ್ವರದ ತಮ್ಮನ ಮನೆಯ ಕಟ್ಟೆಯ ಮೇಲೆ ಕೂತು, ಬಿಳಿ ಬೂಟು ಹಾಕಿಕೊಂಡು ಕೈ ಬೀಸುತ್ತ ವಾಕಿಂಗ್ ಹೋಗುವ ನೌಕರದಾರರನ್ನು ನೋಡಿ ದಿನಾ ಬೆಳಿಗ್ಗೆ ಮೂಗು ಮುರಿಯುತ್ತಿದ್ದಳು. "ಹೊಲಕ್ಕ ಹೋಗಿ ಕಸಾ ತಗೀರಿ, ಹೊಟ್ಟಿ ತಾನ ಇಳೀತೈತಿ," ಎಂದು ಅವರಿಗೆ ಕೇಳುವಷ್ಟು ಗಟ್ಟಿಯಾಗಿಯೇ ಗೊಣಗುತ್ತಿದ್ದಳು. ತಾನು ಮಾತ್ರ ಸುಮ್ಮನೆ ಹೊಸ್ತಿಲು ದಾಟಿದವಳಲ್ಲ. ದೂದನಾನಾ ದರ್ಗಾಕ್ಕೆ ಹೋಗುವಾಗಲೂ ಕಂಕುಳಲ್ಲಿ ಜೋಳದ ಚೀಲ ಇರಬೇಕು. ದಾರಿಯಲ್ಲೇ ಗಿರಣಿ ಇದೆಯಲ್ಲ, ದೇವರ ಕೆಲಸದ ಜೊತೆ ಹಿಟ್ಟಿನ ಕೆಲಸವೂ ಆಗಿಹೋಗುತ್ತದೆ.

ಇಂಥವಳ ಕೈಗೆ ತಮ್ಮ ಮಕ್ತುಮಸಾಬ ತನ್ನ ಮಗಳು ಫರ್ಹಾನಾಳ ಮದುವೆಯ ನಿರ್ಧಾರ ಕೊಟ್ಟಿದ್ದ. ಕೊಟ್ಟಿದ್ದ ಎನ್ನುವುದು ಮರ್ಯಾದೆಗೆ ಆಡುವ ಮಾತು. ಗಂಡ ತೀರಿಕೊಂಡು ತವರಿಗೆ ಬಂದ ದಿನವೇ ಗೌಸಬಿ ಕಸಬರಿಗೆಯ ಜೊತೆಗೆ ಆ ಮನೆಯ ಎಲ್ಲ ನಿರ್ಧಾರಗಳನ್ನೂ ಕೈಗೆ ತೆಗೆದುಕೊಂಡಿದ್ದಳು. ಮಕ್ತುಮಸಾಬ ಒಳ್ಳೆಯ ಗೌಂಡಿ. ಎಂಥ ಗೋಡೆಯನ್ನೂ ನೆಟ್ಟಗೆ ಎಬ್ಬಿಸುತ್ತಾನೆ, ಅಕ್ಕನ ಮುಂದೆ ಮಾತ್ರ ತಾನು ನೆಟ್ಟಗೆ ನಿಲ್ಲಲಾರ.

ಶಿರಹಟ್ಟಿಯಿಂದ ಬಂದ ಗಂಡನ್ನು ಅವಳು ಬೇಡವೆಂದಳು, ಬಸಿಯಲ್ಲಿ ಚಹಾ ಹಾಕಿಕೊಂಡು ಇಡೀ ಓಣಿಗೆ ಕೇಳುವಂತೆ ಹೀರಿದ ಅಂತ. ಮುಂಡರಗಿಯವನು ಸದ್ದಿಲ್ಲದೆ ಕುಡಿದ. ಸದ್ದಿಲ್ಲದೆ ಕುಡಿಯುವವನು ಇನ್ನೇನೇನು ಸದ್ದಿಲ್ಲದೆ ಮಾಡುತ್ತಾನೋ ಎಂದು ಅವನನ್ನೂ ಕಳಿಸಿಬಿಟ್ಟಳು. ಮೂರನೆಯವನು ಬೆಟಗೇರಿಯ ಅಝೀಮ. ಗದಗಿನ ಒಂದು ಪ್ರೆಸ್ಸಿನಲ್ಲಿ ಕೆಲಸ, ಸ್ವಂತ ಮನೆ, ಮನೆಯಲ್ಲಿ ತಾಯಿ ಒಬ್ಬಳೇ. ಶಾಲೆಯಲ್ಲಿ ಕಲಿಸುವ ಫರ್ಹಾನಾ ಎರಡು ಸಲ ಅವನ ಜೊತೆ ಫೋನಿನಲ್ಲಿ ಮಾತಾಡಿದಳು, ಆಮೇಲೆ ಸೋದರತ್ತೆ ಗೌಸಬಿಯ ಎದುರು ಬಂದು ನಿಂತಳು.

"ಫುಪ್ಪಿ, ಈ ಹುಡುಗ ನನ್ನ ಮನಸಿಗೆ ಬಂದಾನ. ಇದನ್ನೂ ನೀ ಮುರದ್ರ, ನಾ ಇನ್ನ ಯಾರ ಮುಂದನೂ ಚಾದ ತಾಟು ಹಿಡಕೊಂಡು ಬರೂದಿಲ್ಲ. ತಿಳೀತಿಲ್ಲೋ?"

ಫರ್ಹಾನಾ ಆಡಿದ ಮಾತನ್ನು ತಿರುಗಿ ನುಂಗುವವಳಲ್ಲ. ಆ ಹಟ ಯಾರಿಂದ ಬಂದದ್ದು ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಗೌಸಬಿಗೂ.

ಅಷ್ಟರಲ್ಲಿ ಸಂಬಂಧ ತಂದಿದ್ದ ಬಳೆಗಾರ ನಬಿಸಾಬ ಬಂದು, ಕೆಮ್ಮಿ, ಆಚೀಚೆ ನೋಡಿ, "ಹುಡುಗಗ ಒಂದ ಚಟ ಐತಂತ ಆಪಾ," ಎಂದ.

"ಕುಡೀತಾನ?"

"ತೋಬಾ! ಇಲ್ಲ."

"ಇಸ್ಪೀಟು?"

"ಅದೂ ಇಲ್ಲ."

"ಮತ್ತೇನೋ ಮಾರಾಯಾ?"

"ಟೀವ್ಯಾಗ ಅಡ್ಡಾಡ್ತಾನ."

ಗೌಸಬಿಗೆ ಅರ್ಥವಾಗಲಿಲ್ಲ. ನಬಿಸಾಬ ಬಿಡಿಸಿ ಹೇಳಿದ. ಟೀವಿಗೆ ಹಚ್ಚಿ ಆಡುವ ಒಂದು ಆಟ. ಉಳಿದ ಹುಡುಗರು ಅದರಲ್ಲಿ ಗುಂಡು ಹೊಡೆಯುತ್ತಾರೆ, ಗಾಡಿ ಓಡಿಸುತ್ತಾರೆ, ಗೆಲ್ಲುತ್ತಾರೆ, ಸೋಲುತ್ತಾರೆ. ಇವನು ಒಬ್ಬ ಮನುಷ್ಯನನ್ನು ನಡೆಸಿಕೊಂಡು ಹೋಗುತ್ತಾನೆ, ಅಷ್ಟೇ. ಗುಡ್ಡ ಹತ್ತುತ್ತಾನೆ, ಇಳಿಯುತ್ತಾನೆ, ಹಳ್ಳದ ದಂಡೆಗೆ ನಿಲ್ಲುತ್ತಾನೆ. ಓಣಿಯ ಹುಡುಗರೆಲ್ಲ ನಗುತ್ತಾರೆ.

ಗುಂಡು ಹೊಡೆಯುತ್ತಿದ್ದರೆ ಗೌಸಬಿ ಒಪ್ಪುತ್ತಿದ್ದಳೋ ಏನೋ. ಗಂಡಸಿಗೆ ಸಿಟ್ಟು ಇರುತ್ತದೆ, ಹೆಂಡತಿಯ ಮೇಲೆ ತೀರಿಸುವ ಬದಲು ಟೀವಿಯ ಮೇಲೆ ತೀರಿಸಲಿ. ಆದರೆ ಇದು ಯಾವ ಜಾತಿಯ ಹುಚ್ಚು? "ಖರೇ ರಸ್ತೇದಾಗ ಅಡ್ಡಾಡಿದ್ರ ಮೈಗೆ ಬಿಸಲರ ಹತ್ತತೈತಿ," ಎಂದಳು. "ಇವ ಮನ್ಯಾಗ ಕುಂತ ಅಡ್ಡಾಡ್ತಾನ! ಸೋಮಾರಿಗೋಳಿಗೇ ನಾಚಿಕಿ ತರೂವಂಥ ಸೋಮಾರಿ!" ಕೆಲಸವಿಲ್ಲದ ಬಡಗಿ ಏನನ್ನೋ ಕೆತ್ತಿದ ಗಾದೆಯನ್ನೂ ಹೇಳಿದಳು, ಪೂರ್ತಿಯಾಗಿ ಹೇಳಿದಳು. ನಬಿಸಾಬ ಬಳೆಯ ಮಲಾರ ಎತ್ತಿಕೊಂಡು ಎದ್ದ.

ರವಿವಾರ ಮನೆ ನೋಡಲು ಹೋಗುವುದೆಂದು ಠರಾಯಿತು. ನೋಡುವುದು ನೆಪ. ಹುಡುಗನ ಬಾಯಿಂದಲೇ ಅವನ ಹುಚ್ಚನ್ನು ಹೇಳಿಸಿ, ಫರ್ಹಾನಾಳ ಎದುರು ತಂದು ಒಗೆದು, ಸಂಬಂಧ ಮುರಿಯುವುದು ಅವಳ ಲೆಕ್ಕ.

ಹೊರಡುವಾಗಲೇ ಅಪಶಕುನವಾಯಿತು. ಎದುರು ಮನೆಯ ಬಸವಣ್ಣೆವ್ವ ಅಂಗಳಕ್ಕೆ ನೀರು ಹೊಡೆಯುತ್ತ, "ಎಲ್ಲಿಗೆ ಹೊಂಟ್ರಿ ಗೌಸಬಿ?" ಎಂದುಬಿಟ್ಟಳು. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಡುತ್ತದೆ. ನಮ್ಮ ಕಡೆ ಹಾಲು ಕುಡಿಯುವ ಕೂಸಿಗೂ ಇದು ಗೊತ್ತು. ಕೇಳಲೇಬೇಕೆಂದರೆ "ದೂರಾನ?" ಎನ್ನಬೇಕು. ಅವರು "ಹೂಂ" ಎನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ಬಸವಣ್ಣೆವ್ವ ನಾಲಿಗೆ ಕಚ್ಚಿಕೊಂಡಳು. ಗೌಸಬಿ ಅವಳನ್ನು ಸುಡುವಂತೆ ನೋಡಿ, ತಮ್ಮನನ್ನೂ ಎಳೆದುಕೊಂಡು ಒಳಗೆ ಬಂದು, ಕುಂತು, ನೀರು ಕುಡಿದು, ಮತ್ತೆ ಹೊಸದಾಗಿ ಹೊರಟಳು.

ಈ ಒಂದು ರಿವಾಜನ್ನು ಅವಳಷ್ಟು ಕಟ್ಟುನಿಟ್ಟಾಗಿ ಪಾಲಿಸಿದವರಿಲ್ಲ. ಗಂಡ ದಾವಲಸಾಬ ಲುಂಗಿ-ಟವೆಲಿನ ಗಂಟು ಹೊತ್ತು ಸಂತೆ ಸಂತೆ ತಿರುಗುವವನು. ಬೆಳಗಾದರೆ ಗಂಟು ಹೆಗಲಿಗೆ. ಇವಳು ಬಾಗಿಲಲ್ಲಿ ನಿಂತು "ದೂರಾನ?" ಎನ್ನುತ್ತಿದ್ದಳು. ಅವನು "ಹೂಂ" ಎಂದು ಹೋಗುತ್ತಿದ್ದ. ಸಂಜೆ ಅವನ ಚೀಲದಲ್ಲಿ ಬಂದ ಬದನೆಕಾಯಿಯನ್ನೋ ಮೆಣಸಿನಕಾಯಿಯನ್ನೋ ನೋಡಿ, ಓ, ಇವತ್ತು ಮುಂಡರಗಿ ಆಗಿರಬೇಕು ಎಂದು ತಾನೇ ತಿಳಿದುಕೊಳ್ಳಬೇಕು. ದಾರಿಯಲ್ಲಿ ಕಪ್ಪತಗುಡ್ಡ ಸಿಗುತ್ತದೆ, ಅದರ ಮೈತುಂಬ ಗಾಳಿಯ ರಾಟೆಗಳು ತಿರುಗುತ್ತವೆ ಅಂತ ಅವಳು ಜನರ ಬಾಯಲ್ಲಿ ಕೇಳಿದ್ದು. ಅಪರೂಪಕ್ಕೆ ಉರುಸಿಗೆ ಕರೆದುಕೊಂಡು ಹೋದರೆ ದಾವಲಸಾಬ ಹತ್ತು ಹೆಜ್ಜೆ ಮುಂದೆ, ಬುರ್ಖಾ ಎತ್ತಿ ಹಿಡಿದು ಓಡುತ್ತ ಇವಳು ಹಿಂದೆ. ಕೆಟ್ಟವನಲ್ಲ ಅವನು. ಹಿಂದಿರುಗಿ ನೋಡಬೇಕು ಎನ್ನುವುದು ಅವನ ತಲೆಗೆ ಹೊಳೆದಿರಲಿಲ್ಲ, ಹೊಳೆಸುವುದು ಇವಳ ರಿವಾಜಿನಲ್ಲಿರಲಿಲ್ಲ.

ಬಸ್ಸು ಮುಳಗುಂದ ದಾಟಿ ಗದಗ ಮುಟ್ಟಿತು. ಬೆಟಗೇರಿಯ ಮನೆ ಚೊಕ್ಕಟವಾಗಿತ್ತು, ಅದು ಗೌಸಬಿಗೆ ಮೊದಲ ನಿರಾಸೆ. ಹುಡುಗನ ತಾಯಿ ಬೀಬಿಜಾನ ಮಾತು ಕಡಿಮೆಯ ಹೆಂಗಸು, ಅದು ಎರಡನೆಯದು. ಅಝೀಮ ಬಂದು ಸಲಾಮು ಮಾಡಿದ. ಬೆರಳ ಸಂದಿಯಲ್ಲಿ ಎಷ್ಟು ತಿಕ್ಕಿದರೂ ಹೋಗದ ಪ್ರೆಸ್ಸಿನ ಮಸಿ. ಎತ್ತರದ, ಮೆತ್ತನೆಯ ಹುಡುಗ. ಇಂಥ ಮೆತ್ತನೆಯವನಿಗೆ ಅಂಗಡಿಯವರು ದಿನಾ ಮೋಸ ಮಾಡುತ್ತಾರೆ ಎಂದು ಗೌಸಬಿ ಅಂದಾಜು ಹಾಕಿದಳು.

ಚಹಾ ಆಯಿತು. ಗೌಸಬಿ ನೇರವಾಗಿ ವಿಷಯಕ್ಕೆ ಬಂದಳು.

"ಏನೋ ಆಟ ಆಡ್ತೀಯಂತಲ್ಲಪಾ. ತೋರಸು."

ಅಝೀಮನ ಮುಖ ಕೆಂಪಾಯಿತು. ಬೀಬಿಜಾನ ನೆಲ ನೋಡಿದಳು. ಮಕ್ತುಮಸಾಬ ಖಾಲಿ ಕಪ್ಪಿನಿಂದ ಮತ್ತೊಂದು ಗುಟುಕು ಕುಡಿದ. ಅಝೀಮ ಸುಳ್ಳು ಹೇಳಬಹುದಿತ್ತು, ಬಿಟ್ಟೆನೆಂದು ಹೇಳಬಹುದಿತ್ತು. ಅವನು ಎದ್ದು ಟೀವಿ ಹಚ್ಚಿದ.

ಹಸಿರು ಬಯಲು. ದೂರದಲ್ಲಿ ಒಂದು ಗುಡ್ಡ. ಒಂದು ಮರದ ಕೆಳಗೆ ಚೀಲ ಹಾಕಿಕೊಂಡು ನಿಂತ ಒಬ್ಬ ಬಡಕಲು ಮನುಷ್ಯ.

"ಇವ ಏನ್ ಮಾಡ್ತಾನ?"

"ನಡೀತಾನ್ರಿ."

"ಗೆಲ್ಲೂದು ಯಾವಾಗ?"

"ಗೆಲ್ಲೂದೇನೂ ಇಲ್ರಿ ಇದರಾಗ. ಮುಗ್ಯೂದೂ ಇಲ್ಲ. ದಿನಾ ಪ್ರೆಸ್ಸಿನ್ಯಾಗ ಜಲ್ದಿ ಜಲ್ದಿ ಅನ್ನಿಸಿಕೊಂಡು ಬರ್ತೀನ್ರಿ. ಇಲ್ಲಿ ಯಾರೂ ಜಲ್ದಿ ಅನ್ನೂದಿಲ್ಲ. ಮನಸಿಗೆ ಸಮಾಧಾನ ಆಕ್ಕೈತಿ."

"ಸಮಾಧಾನ ಬೇಕಾದ್ರ ನಮಾಜ ಐತಿ."

"ಅದನ್ನೂ ಮಾಡ್ತೀನ್ರಿ."

ಗೌಸಬಿಗೆ ಹಬ್ಬವಾಯಿತು. ಸಿಕ್ಕಿದ್ದನ್ನೆಲ್ಲ ಹಿಡಿದು ಜಾಡಿಸಿದಳು. ಇಷ್ಟು ಚಂದದ ಹೊಲ ಬಿದ್ದಿದೆ, ಒಂದು ಆಳಿಲ್ಲ, ಕಸ ಯಾರು ತೆಗೆಯುತ್ತಾರೆ? ಎಲ್ಲಾದರೂ ಒಂದು ದನದ ಹೆಂಡಿಯ ಗುಪ್ಪೆ ಇದೆಯೇ? ಇಷ್ಟು ನಡೆದರೂ ಚಪ್ಪಲಿ ಹರಿಯದ ಇವನೆಂಥ ಮನುಷ್ಯ? ಹಸಿವಿಲ್ಲ, ನೀರಡಿಕೆಯಿಲ್ಲ, ಹೇಳುವವರಿಲ್ಲ, ಕೇಳುವವರಿಲ್ಲ. ಬಿಡಾಡಿ ದನಕ್ಕಾದರೂ ಸಂಜೆಗೆ ಒಂದು ಗೋಡೆಯ ನೆರಳು ಬೇಕಾಗುತ್ತದೆ! ಅಝೀಮ ಪ್ರತಿಯೊಂದಕ್ಕೂ "ಹೌದ್ರಿ" ಎನ್ನುತ್ತಿದ್ದ. ವಾದಿಸದವನನ್ನು ಎಷ್ಟು ಹೊತ್ತು ಬಡಿಯುವುದು? ಅವಳ ನಾಲಿಗೆಗೂ ಸುಸ್ತಾಯಿತು.

ಮಾತು ನಿಂತ ಆ ಹೊತ್ತಿನಲ್ಲಿ ಟೀವಿಯೊಳಗಿನ ಮನುಷ್ಯ ಮರದ ನೆರಳು ಬಿಟ್ಟು ಗುಡ್ಡದ ಕಡೆಗೆ ಹೆಜ್ಜೆ ಹಾಕಿದ. ಹೆಗಲಿಗೆ ಚೀಲ, ಇವಳ ಕಡೆಗೆ ಬೆನ್ನು. ಜೀವಮಾನದ ರೂಢಿ, ಬಾಯಿ ಅವಳನ್ನು ಕೇಳಲಿಲ್ಲ.

"ದೂರಾನ?" ಎಂದುಬಿಟ್ಟಳು.

ಅಂದ ಮೇಲೆ ಅವಳಿಗೇ ನಾಚಿಕೆಯಾಯಿತು. ಟೀವಿಯ ಗೊಂಬೆಯನ್ನು ದೂರಾನ ಎಂದು ಕೇಳುವಷ್ಟು ಬುದ್ಧಿ ಕೆಟ್ಟಿತೇ? ಇನ್ನು ಹುಡುಗ "ಹೂಂ" ಎನ್ನುತ್ತಾನೆ, ಎಲ್ಲ ಗಂಡಸರೂ ಅನ್ನುವುದು ಅಷ್ಟೇ.

ಅಝೀಮ ಟೀವಿಯಿಂದ ಕಣ್ಣು ತೆಗೆಯಲೂ ಇಲ್ಲ. ಜಮಖಾನೆಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದ. ಪಕ್ಕದಲ್ಲಿದ್ದ ಆಟದ ಇನ್ನೊಂದು ರಿಮೋಟನ್ನು ಅವಳ ಕಡೆಗೆ ತಳ್ಳಿದ.

"ಗೊತ್ತಿಲ್ರಿ ಫುಪ್ಪಿ. ನೀವೂ ಬರ್ರಿ."

ಗೌಸಬಿ ಸುಮ್ಮನಾದಳು. ಅವಳು ಸುಮ್ಮನಾದದ್ದನ್ನು ಹಿಂದೆಂದೂ ಕಂಡಿರದ ಮಕ್ತುಮಸಾಬ ಗಾಬರಿಯಾಗಿ, "ನೀರು ಬೇಕೇನ ಆಪಾ?" ಎಂದ. ಅವಳಿಗೆ ಕೇಳಿಸಲಿಲ್ಲ. ಸಿಟ್ಟು ಬರುತ್ತಿತ್ತು, ಯಾರ ಮೇಲೆ ಅಂತ ಗೊತ್ತಾಗುತ್ತಿರಲಿಲ್ಲ. ಕೊನೆಗೆ ಕುರ್ಚಿಯಿಂದ ಇಳಿದು, ಮೊಣಕಾಲು ಹಿಡಿದುಕೊಂಡು, ಜಮಖಾನೆಯ ಮೇಲೆ ಕೂತಳು.

ಪರದೆ ಎರಡು ಪಾಲಾಯಿತು. ಅವಳ ಪಾಲಿಗೂ ಒಬ್ಬ ಬಡಕಲು ಮನುಷ್ಯ ಬಂದ. ಅವನನ್ನು ಅವಳು ಮೊದಲು ಮರಕ್ಕೆ ಗುದ್ದಿಸಿದಳು, ಆಮೇಲೆ ಹಳ್ಳಕ್ಕೆ ಕೆಡವಿದಳು. ಒಂದು ಪೊದೆಯಲ್ಲಿ ಸಿಕ್ಕಿಸಿ, ಅದು ಅವನ ತಪ್ಪೆಂಬಂತೆ ಬೈದಳು. ಪ್ರತಿ ಸಲವೂ ಗುಡ್ಡದ ದಾರಿಯಲ್ಲಿ ಮುಂದೆ ಹೋಗಿದ್ದ ಅಝೀಮನ ಮನುಷ್ಯ ನಿಲ್ಲುತ್ತಿದ್ದ. ಹಿಂದಿರುಗುತ್ತಿದ್ದ. ಇವಳ ಮನುಷ್ಯ ಪೊದೆ ಬಿಟ್ಟು ಹೊರಗೆ ಬರುವ ತನಕ ಹಾಗೇ ಇವಳ ಕಡೆ ಮುಖ ಮಾಡಿ ನಿಂತಿರುತ್ತಿದ್ದ.

"ಯಾಕ ನಿಂತಿ? ಹೋಗು ನೀ," ಎಂದಳು ಗೌಸಬಿ.

"ಗಡಿಬಿಡಿ ಏನೈತ್ರಿ?"

"ಎಡಕ್ಕ ಹೋಗೂಣು ಹಂಗಾದ್ರ. ಅಲ್ಲೇನೋ ಕಾಣಸ್ತೈತಿ."

ಎಡಕ್ಕೆ ಹೋದರು. ಅಲ್ಲೊಂದು ಬಿದ್ದ ಗೋಡೆಯಿತ್ತು, ಮತ್ತೇನೂ ಇರಲಿಲ್ಲ. ಅವಳು ಗೋಡೆಯನ್ನು ಸುತ್ತಿ ನೋಡಿದಳು. ಕಟ್ಟಿದವನು ಮಣ್ಣು ಸರಿಯಾಗಿ ಕಲಸಿಲ್ಲ ಎಂದಳು. ಗೌಂಡಿ ಮಕ್ತುಮಸಾಬ ಕುರ್ಚಿಯಿಂದಲೇ "ಹೌದು" ಎಂದ. ಮತ್ತೆ ಗುಡ್ಡ ಹಿಡಿದರು. ಆಟದೊಳಗೆ ಸಂಜೆಯಾಯಿತು, ಬೆಳಕು ಹಳದಿಗೆ ತಿರುಗಿತು. ನೆತ್ತಿ ಇನ್ನೇನು ಸಿಗಬೇಕು, ಮಕ್ತುಮಸಾಬ ಎದ್ದು ನಿಂತು ಲಕ್ಷ್ಮೇಶ್ವರದ ಬಸ್ಸಿನ ಹೊತ್ತಾಯಿತೆಂದ. ಗೌಸಬಿ ಅವನನ್ನು ಬಸವಣ್ಣೆವ್ವನನ್ನು ನೋಡಿದಂತೆಯೇ ನೋಡಿದಳು.

ಬಸ್ಸಿನಲ್ಲಿ ಅವಳು ಒಂದು ಮಾತೂ ಆಡಲಿಲ್ಲ. ಮಕ್ತುಮಸಾಬನಿಗೆ ಕೇಳುವ ಧೈರ್ಯವಿರಲಿಲ್ಲ. ಮುರಿಯಿತು, ಮಗಳಿಗೆ ಹೇಗೆ ಮುಖ ತೋರಿಸಲಿ ಎಂದುಕೊಳ್ಳುತ್ತ ಅವನು ಕಿಟಕಿಯ ಹೊರಗೆ ನೋಡುತ್ತ ಕೂತ.

ಫರ್ಹಾನಾ ಬಾಗಿಲಲ್ಲೇ ನಿಂತಿದ್ದಳು. ಹೇಗಾಯಿತು ಎಂದು ಅವಳೂ ಕೇಳಲಿಲ್ಲ. ತುಟಿ ಬಿಗಿದುಕೊಂಡು ಅತ್ತೆಯ ಮುಖ ನೋಡಿದಳು. ಗೌಸಬಿ ಚಪ್ಪಲಿ ಬಿಟ್ಟು, ಕಾಲು ತೊಳೆದು, ಕಟ್ಟೆಯ ಮೇಲೆ ಕೂತಳು.

"ಹುಡುಗ ದಡ್ಡ ಅದಾನ," ಎಂದಳು. "ಅವನ ಆಟ ಅವನಕಿಂತಾ ದಡ್ಡ. ಹೊಲ ಅದಾವು, ಆಳಿಲ್ಲ. ಗೋಡಿ ಐತಿ, ಮನಿ ಇಲ್ಲ. ಇಡೀ ದಿನ ನಡದ್ರ ಒಂದ ಕವಡಿ ಲಾಭ ಇಲ್ಲ. ನಾಳೆ ಖಬರ ಕಳಸ್ರಿ ಅವರಿಗೆ."

"ಏನಂತ?" ಫರ್ಹಾನಾಳ ದನಿ ಒಡೆಯಿತು.

"ನಮಗ ಒಪ್ಪಿಗಿ ಅಂತ. ಮತ್ತೇನಂತ?"

ಫರ್ಹಾನಾ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತಳು. ನಗುವೂ ಅಳುವೂ ಒಟ್ಟಿಗೇ ಬಂದವು. "ಮತ್ತ... ದಡ್ಡ ಅಂತಿ. ಯಾಕ ಒಪ್ಪಿದಿ ಫುಪ್ಪಿ?"

ಗೌಸಬಿ ಸೆರಗಿನಿಂದ ಮುಖ ಒರೆಸಿಕೊಂಡಳು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.

"ನಾ ಜೀವಮಾನೆಲ್ಲಾ ಬಾಗಲದಾಗ ನಿಂತು ದೂರಾನ, ದೂರಾನ ಅಂದೆ. ನೀನೂ ಬಾ ಅಂದಾವ ಇವ ಒಬ್ಬನ. ಅದೂ ಎಲ್ಲಿಗೆ? ಇಲ್ಲದ ಊರಿಗೆ. ಮಬ್ಬ ಸೂಳೇಮಗ."

ಎದುರು ಮನೆಯಲ್ಲಿ ಬಸವಣ್ಣೆವ್ವ ದೀಪ ಹಚ್ಚಿದಳು. ಗೌಸಬಿ ಎದ್ದು ಒಳಗೆ ಹೊರಟವಳು, ಬಾಗಿಲಲ್ಲಿ ನಿಂತು ತಿರುಗಿದಳು.

"ಅವಗ ಫೋನ್ ಹಚ್ಚು. ಆ ಗುಡ್ಡದ ಆಚೀಕ ಏನೈತಿ ಅನ್ನೂದನ್ನ ನಾ ಬರೂತನಕಾ ನೋಡಬ್ಯಾಡ ಅಂತ ಹೇಳು."