ತೊಂಬತ್ನಾಲ್ಕು ಮಿಲಿಮೀಟರ್

ಕವಲಂದೆಯ ಶಾಲೆಯ ಹಿಂದೆ ಹಳೆಯ ಮಳೆಮಾಪಕವೊಂದಿದೆ. ದಿನಾ ಬೆಳಿಗ್ಗೆ ಎಂಟೂವರೆಗೆ ಅದರ ನೀರನ್ನು ಅಳೆದು, ಬರೆದು, ಚೆಲ್ಲುವುದು ದೊಡ್ಡಮಾದಯ್ಯನ ಕೆಲಸ. ನಾಲ್ಕು ವರ್ಷದ ಹಿಂದೆ ತಾನಾಗಿಯೇ ಲೆಕ್ಕ ಕಳಿಸುವ ಯಂತ್ರ ಪಕ್ಕದಲ್ಲೇ ಬಂತು. ಆಮೇಲೆ ಅವನನ್ನು ಯಾರೂ ಕೇಳಲಿಲ್ಲ; ನಿಲ್ಲಿಸು ಎಂದೂ ಹೇಳಲಿಲ್ಲ. ಅವನು ಅಂಕಿ ಹೇಳುತ್ತಿದ್ದ, ಹೆಂಡತಿ ಪುಟ್ಟಮಾದಮ್ಮ ಕಲ್ಲಿನ ಮೇಲೆ ಕೂತು ಬರೆಯುತ್ತಿದ್ದಳು. ಅವಳು ತೀರಿಕೊಂಡ ಮೇಲೂ ಅವನು ಗಟ್ಟಿಯಾಗಿ ಹೇಳಿಯೇ ಬರೆದುಕೊಳ್ಳುತ್ತಿದ್ದ.

ಮಂಗಳವಾರ ಅವಳ ವರ್ಷದ ಎಡೆ. ಎಂಟರ ಹೊತ್ತಿಗೆ ಸಮಾಧಿಗೆ ಹೋಗಿದ್ದವನು ಮನೆಗೆ ಬಂದು ಮಲಗಿಬಿಟ್ಟ. ಮೊದಲ ಸಲ ಅಳತೆ ತಪ್ಪಿತು. ಅಂದೇ ಸಂಜೆ ನರಸೀಪುರದ ಕಡೆಯಿಂದ ಮೋಡ ಎದ್ದು, ಬಿರುಗಾಳಿ ಮಳೆ ಹೊಡೆದು, ಎರಡು ದಿನದಿಂದ ಲೆಕ್ಕ ಕಳಿಸದೆ ಕೆಟ್ಟು ನಿಂತಿದ್ದ ಯಂತ್ರದ ಕಂಬವೂ ಮುರಿದು ಬಿತ್ತು.

ಬುಧವಾರ ಅಳತೆಗಾಜು ನಾಲ್ಕು ಸಲ ಇಪ್ಪತ್ತರ ಗೆರೆಗೆ ತುಂಬಿತು, ಐದನೆಯ ಸಲ ಹದಿನಾಲ್ಕಕ್ಕೆ ನಿಂತಿತು. ತೊಂಬತ್ನಾಲ್ಕು ಎಂದ. ಅಷ್ಟರಲ್ಲಿ ಫೋನ್ ಬಂತು. ನಂಜನಗೂಡಿನ ಕಚೇರಿಯ ದಿವ್ಯ ಎಂಬ ಹುಡುಗಿ, ನಿನ್ನೆಯ ಮಳೆ ಎಷ್ಟು ಎಂದು ಕೇಳಿದಳು.

ನಾಲ್ಕು ವರ್ಷ ಕಾದ ಕರೆ. ದೊಡ್ಡಮಾದಯ್ಯ ಲೆಕ್ಕದ ಪುಸ್ತಕ ನೋಡಿದ; ಮಂಗಳವಾರ ಬೆಳಿಗ್ಗೆಯ ಸಾಲು ಖಾಲಿ. ಸೋಮವಾರ ರಾತ್ರಿಯೂ ಮಳೆ ಬಂದಿತ್ತೋ ಏನೋ, ಅವಳ ಯೋಚನೆ ಬಿಟ್ಟು ಅವನಿಗೆ ಇನ್ನೇನೂ ನೆನಪಿರಲಿಲ್ಲ.

"ಎರಡ್ ದಿನದ್ದೂ ಸೇರೋಗದೆ ಕಣವ್ವ. ನಿನ್ನೇದು ಎಷ್ಟು ಅಂತ ಏಳಕಾಗಲ್ಲ."

ಅಂದಾಜಿನ ಮೇಲೆ ಹೇಳಿ ಎಂದಳು. ಅವನು ಒಪ್ಪಲಿಲ್ಲ. ಹಾಗಾದರೆ ನಿಮ್ಮೂರಿನ ಜಾಗ ಖಾಲಿ ಬಿಡುತ್ತೇನೆ ಎಂದು ಫೋನ್ ಇಟ್ಟಳು.

ಅವನು ಕಲ್ಲಿನ ಮೇಲೆ ಕೂತ. ಕೈ ನೋಡಿಕೊಂಡ. ಉಗುರಿನ ಸಂದಿಯಲ್ಲಿ ಕೆಂಪು ಧೂಳು. ಸಮಾಧಿಯ ಮಣ್ಣು. ನಿನ್ನೆ ಬೆಳಿಗ್ಗೆ ಅಲ್ಲಿ ಊದುಬತ್ತಿ ಚುಚ್ಚಲು ಹೋಗಿ ಎರಡು ಮುರಿದಿದ್ದವು. ಬೆರಳಲ್ಲಿ ಕೆದಕಿದರೂ ಒಳಗೆಲ್ಲ ಬರೀ ಧೂಳು. ಮಣ್ಣು ಅಷ್ಟು ಒಣಗಿತ್ತು ಅಂದರೆ ಸೋಮವಾರ ರಾತ್ರಿ ಒಂದು ಹನಿಯೂ ಬಿದ್ದಿರಲಿಲ್ಲ.

ತಿರುಗಿ ಫೋನ್ ಮಾಡಿ ಎಲ್ಲ ಹೇಳಿದ. ಆ ಒಣಮಣ್ಣು ನೋಡಿದವರು ಇನ್ಯಾರಾದರೂ ಇದ್ದರಾ ಎಂದಳು ದಿವ್ಯ.

"ನನ್ ಎಂಡ್ರಿದ್ಲು," ಎಂದ. "ನಾವಿಬ್ರೇ ಇದ್ದೊ."

ಅತ್ತಲಿಂದ ತೊಂಬತ್ನಾಲ್ಕು ಎಂದು ಹೇಳಿಕೊಳ್ಳುತ್ತಾ ಹುಡುಗಿ ಬರೆದುಕೊಂಡಳು. ಕರೆ ಕಟ್ಟಾದ ಮೇಲೂ ಅವನು ಫೋನನ್ನು ಕಿವಿಯಿಂದ ತೆಗೆಯಲಿಲ್ಲ.